ಕೋಲಾರದ ಚಿನ್ನ, ಅಹ್ಮದಿಯ ಎಣ್ಣೆ

ಕಳೆದ ರಜೆಯಲ್ಲಿ ಊರಿಗೆ ಹೋಗಿದ್ದಾಗ ತಾತನನ್ನು ಕೇಳಿದೆ, "ತಾತ, ನೀವು ಗಣಿಯಲ್ಲಿ ಎಷ್ಟು ಚಿನ್ನ ನೋಡಿದ್ದೀರಿ?" ಅವರು ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಫಿಟ್ಟರ್ ಆಗಿದ್ದವರು. ತಾತ ನಕ್ಕರು. "ನಾನು ನೋಡಿದ್ದು ಬರೀ ಕಲ್ಲು ಕಣಮ್ಮ. ಚಿನ್ನ ನೋಡಿದ್ದು ನಿಮ್ಮಜ್ಜಿ ತಾಳಿಯಲ್ಲಿ."

ತಾತ ಹೇಳಿದ್ದು ತಮಾಷೆಯಲ್ಲ. ಚಿನ್ನ ಬಹಳ ಮೆತ್ತಗಿನ ಲೋಹ, ತುಕ್ಕು ಹಿಡಿಯುವುದಿಲ್ಲ. ಒಂದೇ ಗ್ರಾಂ ಚಿನ್ನವನ್ನು ಎರಡು ಕಿಲೋಮೀಟರ್ ಉದ್ದದ ತಂತಿಯಾಗಿ ಎಳೆಯಬಹುದು. ಆದರೆ ಕೋಲಾರದಲ್ಲಿ ಅದು ಬೆಣಚುಕಲ್ಲಿನೊಳಗೆ ಹೆಚ್ಚಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಅಡಗಿತ್ತು. ಕಲ್ಲನ್ನು ಒಡೆದು, ಪುಡಿ ಮಾಡಿ, ಸೈನೈಡ್ ನೀರಿನಲ್ಲಿ ಕರಗಿಸಿ ತೆಗೆಯಬೇಕಿತ್ತು. ಕೊನೆಯ ವರ್ಷಗಳಲ್ಲಿ ಒಂದು ಟನ್ ಕಲ್ಲಿಗೆ ಸಿಗುತ್ತಿದ್ದದ್ದು ಸುಮಾರು ಮೂರು ಗ್ರಾಂ ಮಾತ್ರ.

1870ರ ದಶಕದಲ್ಲಿ ಲಾವೆಲ್ ಎಂಬ ನಿವೃತ್ತ ಸೈನಿಕ ಮೈಸೂರು ಸರ್ಕಾರದಿಂದ ಅಲ್ಲಿ ಚಿನ್ನ ಹುಡುಕಲು ಪರವಾನಗಿ ಪಡೆದರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಮೊದಲು ಹೋದದ್ದು ಈ ಗಣಿಗಳಿಗೆ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ! ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಬಂಡೆ ಸಿಡಿದು ಸತ್ತವರಿದ್ದಾರೆ, ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕೆಟ್ಟವರಿದ್ದಾರೆ. ಸುಮಾರು 120 ವರ್ಷಗಳಲ್ಲಿ 800 ಟನ್‌ಗೂ ಹೆಚ್ಚು ಚಿನ್ನ ಹೊರಗೆ ಬಂತು.

ಚಿನ್ನಕ್ಕೂ ನಾವಿರುವ ಕುವೈತಿಗೂ ಒಂದು ಹಳೆಯ ನಂಟಿದೆ. ಒಂದು ಕಾಲದಲ್ಲಿ ಇಲ್ಲಿ ಭಾರತದ ರೂಪಾಯಿಯೇ ನಡೆಯುತ್ತಿತ್ತು. ಭಾರತದಲ್ಲಿ ಚಿನ್ನದ ಬೆಲೆ ಹೊರದೇಶಗಳಿಗಿಂತ ಹೆಚ್ಚಿದ್ದರಿಂದ ಕೊಲ್ಲಿಯಿಂದ ಕಳ್ಳಸಾಗಣೆ ಜೋರಾಯಿತು. ಅದಕ್ಕೆ ಕೊಟ್ಟ ರೂಪಾಯಿಗಳು ತಿರುಗಿ ಬಂದಾಗ ಭಾರತ ವಿದೇಶಿ ಹಣ ಕೊಡಬೇಕಾಗುತ್ತಿತ್ತು. ಅದನ್ನು ತಡೆಯಲು 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿ ದೇಶಗಳಿಗೇ ಬೇರೆ ಬಣ್ಣದ 'ಗಲ್ಫ್ ರೂಪಾಯಿ' ಮುದ್ರಿಸಿತು. ಕುವೈತ್ 1961ರಲ್ಲಿ ತನ್ನದೇ ದಿನಾರ್ ತಂದಿತು.

ನಮ್ಮ ಅಹ್ಮದಿ ಕೂಡ ಕೆಜಿಎಫ್‌ನಂತೆ ಕಂಪನಿ ಕಟ್ಟಿದ ಊರು. 1938ರಲ್ಲಿ ಬುರ್ಗಾನ್‌ನಲ್ಲಿ ಎಣ್ಣೆ ಸಿಕ್ಕಿತು, 1946ರಲ್ಲಿ ಮೊದಲ ಹಡಗು ಹೊರಟಿತು. ಶೇಖ್ ಅಹ್ಮದ್ ಅವರ ಹೆಸರಿನ ಈ ಊರಿನ ಮರಗಳನ್ನೂ ಹಳೆಯ ಬಂಗಲೆಗಳನ್ನೂ ಅಮ್ಮ ಮೊದಲ ಸಲ ನೋಡಿದಾಗ "ಇದು ನಮ್ಮೂರೇ" ಎಂದರಂತೆ.

2001ರ ಫೆಬ್ರವರಿ 28ರಂದು ಕೆಜಿಎಫ್ ಗಣಿ ಮುಚ್ಚಿತು. ಸಾವಿರಾರು ಜನರ ಕೆಲಸ ಹೋಯಿತು, ತಾತನದೂ ಹೋಯಿತು. ಉಳಿದದ್ದು ಸೈನೈಡ್ ದಿಬ್ಬಗಳು. ಇಂದಿಗೂ ಅಲ್ಲಿನ ಜನ ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ.

ಹೊರಡುವ ದಿನ ತಾತ ನನ್ನನ್ನೇ ಕೇಳಿದರು, "ನಿಮ್ಮೂರಿನ ಎಣ್ಣೆ ಎಷ್ಟು ದಿನ ಬರುತ್ತಮ್ಮ?" ನನಗೆ ಉತ್ತರ ಗೊತ್ತಿರಲಿಲ್ಲ. ಅಪ್ಪನ ಸಂಬಳ, ನನ್ನ ಶಾಲೆ, ನಮ್ಮ ಶುಕ್ರವಾರದ ಕನ್ನಡ ತರಗತಿ, ಎಲ್ಲವೂ ಆ ಎಣ್ಣೆಯಿಂದಲೇ ನಡೆಯುತ್ತಿದೆ. "ಚೆನ್ನಾಗಿ ಓದಿಕೋ" ಎಂದಷ್ಟೇ ಹೇಳಿ ತಾತ ನನ್ನ ಚೀಲ ಎತ್ತಿಕೊಂಡರು. ಗಣಿ ಮುಚ್ಚಿದಾಗ ಅವರು ಅಜ್ಜಿಯ ಬಳೆ ಮಾರಿ ಅಮ್ಮನನ್ನು ಕಾಲೇಜಿಗೆ ಕಳಿಸಿದ್ದರು ಎಂದು ಅಮ್ಮ ವಿಮಾನದಲ್ಲಿ ಹೇಳಿದರು.