ತಾಯಿತ ತೊಟ್ಟ ಶಿಖರ

ನೇಪಾಳದ ಖುಂಬು ಕಣಿವೆಯಲ್ಲಿ ಎವರೆಸ್ಟಿನತ್ತ ನಡೆದು ಹೋಗುವವರ ಕಣ್ಸೆಳೆಯುವುದು ಎವರೆಸ್ಟ್ ಅಲ್ಲ. ದಾರಿಯ ಬಲಕ್ಕೆ ಒಂಟಿಯಾಗಿ ಎದ್ದು ನಿಂತ ಅಮಾ ದಬ್ಲಮ್. ಎತ್ತರ 6,812 ಮೀಟರ್. ಎವರೆಸ್ಟಿಗಿಂತ ಎರಡು ಸಾವಿರ ಮೀಟರಿನಷ್ಟು ತಗ್ಗು, ಆದರೆ ಕಡಿದಾದದ್ದು. ಶೆರ್ಪಾ ಭಾಷೆಯಲ್ಲಿ ‘ಅಮಾ’ ಎಂದರೆ ತಾಯಿ; ‘ದಬ್ಲಮ್’ ಎಂದರೆ ಹೆಂಗಸರು ಕೊರಳಲ್ಲಿ ಧರಿಸುವ ತಾಯಿತದ ಪೆಟ್ಟಿಗೆ. ಶಿಖರದ ಎದೆಯ ಮೇಲೆ ತೂಗಿ ನಿಂತ ಹಿಮದ ಬಂಡೆ ಆ ತಾಯಿತದಂತೆ ಕಾಣುತ್ತದೆ. ಅದನ್ನು ನೆನಪಿಟ್ಟುಕೊಳ್ಳಿ, ಕಥೆಯಲ್ಲಿ ಮತ್ತೆ ಬರುತ್ತದೆ.

ಇಂದು ಸಂಸ್ಥೆಯೊಂದಕ್ಕೆ ಹಣ ಕಟ್ಟಿ, ಮಾರ್ಗದರ್ಶಕರೊಡನೆ ಈ ಶಿಖರವನ್ನು ಏರಬಹುದು. ಮೊದಲು ಹೀಗಿರಲಿಲ್ಲ. 1959ರಲ್ಲಿ ಬ್ರಿಟಿಷ್ ತಂಡವೊಂದರ ಮೈಕ್ ಹ್ಯಾರಿಸ್ ಮತ್ತು ಜಾರ್ಜ್ ಫ್ರೇಸರ್ ಇದರ ಈಶಾನ್ಯದ ಏಣನ್ನು ಹಿಡಿದು ಬಹಳ ಎತ್ತರಕ್ಕೆ ಹೋದರು. ಹಿಂತಿರುಗಲಿಲ್ಲ.

ಮರುವರ್ಷ ಎಡ್ಮಂಡ್ ಹಿಲರಿಯ ನೇತೃತ್ವದಲ್ಲಿ ಬೇರೊಂದು ತಂಡ ಬಂದಿತು. ಅವರ ಮುಖ್ಯ ಕೆಲಸ ಶಿಖರವೇರುವುದಲ್ಲ, ವಿಜ್ಞಾನ. ವಿರಳವಾದ ಗಾಳಿಗೆ ಮನುಷ್ಯನ ದೇಹ ಹೇಗೆ ಒಗ್ಗಿಕೊಳ್ಳುತ್ತದೆ ಎಂದು ತಿಳಿಯಲು ಗ್ರಿಫಿತ್ ಪ್ಯೂ ಮತ್ತು ಸಂಗಡಿಗರು ಸುಮಾರು 5,800 ಮೀಟರ್ ಎತ್ತರದಲ್ಲಿ, ಬೆಳ್ಳಿಯ ಬಣ್ಣ ಬಳಿದ ಗುಡಿಸಲೊಂದರಲ್ಲಿ ಚಳಿಗಾಲ ಕಳೆದರು. ದಿನವೂ ಕಣ್ಣೆದುರಿಗಿದ್ದ ಶಿಖರವನ್ನು ಬಿಡುವುದುಂಟೇ? 1961ರ ಮಾರ್ಚ್ 13ರಂದು ಮೈಕ್ ಗಿಲ್, ವಾಲಿ ರೊಮೇನ್ಸ್, ಬ್ಯಾರಿ ಬಿಷಪ್ ಮತ್ತು ವೈದ್ಯ ಮೈಕ್ ವಾರ್ಡ್ ನೈಋತ್ಯದ ಏಣಿನಿಂದ ತುದಿ ಮುಟ್ಟಿದರು. ಇಳಿಯುವಾಗ ಜೊತೆಗಿದ್ದ ಶೆರ್ಪಾ ಒಬ್ಬನ ಕಾಲು ಮುರಿಯಿತು. ಆ ಕಡಿದಾದ ಬಂಡೆಗಳ ಮೇಲೆ ಅವನನ್ನು ಹೊತ್ತು ಇಳಿಸಬೇಕಾಯಿತು. ಇದಲ್ಲದೆ ಈ ಶಿಖರಕ್ಕೆ ಅವರು ನೇಪಾಳ ಸರ್ಕಾರದ ಅನುಮತಿಯನ್ನೇ ಪಡೆದಿರಲಿಲ್ಲ! ಸರ್ಕಾರ ಸಿಟ್ಟಾಯಿತು. ಸಮಾಧಾನಪಡಿಸಲು ಹಿಲರಿ ಕಠ್ಮಂಡುವಿಗೆ ಓಡಬೇಕಾಯಿತು.

1964ರಲ್ಲಿ ಗೂರ್ಖಾ ಪಡೆಯ ನಿವೃತ್ತ ಅಧಿಕಾರಿ ಜಿಮ್ಮಿ ರಾಬರ್ಟ್ಸ್ ಕಠ್ಮಂಡುವಿನಲ್ಲಿ ‘ಮೌಂಟನ್ ಟ್ರಾವೆಲ್’ ಸಂಸ್ಥೆಯನ್ನು ತೆರೆದರು. ಡೇರೆ, ಅಡುಗೆ, ಹೊರೆಯಾಳು ಎಲ್ಲವನ್ನೂ ಸಂಸ್ಥೆಯೇ ಒದಗಿಸಿ, ಹಣ ಕೊಟ್ಟವರನ್ನು ಪರ್ವತಗಳ ನಡುವೆ ನಡೆಸಿಕೊಂಡು ಹೋಗುವ ಪದ್ಧತಿ ಅದು. ಅದೇ ಪದ್ಧತಿ ಮುಂದೆ ಶಿಖರಗಳಿಗೂ ಹಬ್ಬಿತು. 1985ರಲ್ಲಿ ಅಮೆರಿಕದ ಉದ್ಯಮಿ ಡಿಕ್ ಬಾಸ್ ತಮ್ಮ 55ನೆಯ ವಯಸ್ಸಿನಲ್ಲಿ, ಅನುಭವಿ ಡೇವಿಡ್ ಬ್ರೇಶರ್ಸ್ ಜೊತೆ ಎವರೆಸ್ಟ್ ಏರಿದ ಮೇಲಂತೂ ಇಂಥ ಆರೋಹಣಕ್ಕೆ ಗಿರಾಕಿಗಳು ಹೆಚ್ಚಿದರು.

ಹಾಗಾದರೆ ಹಣ ಕೊಟ್ಟವರಿಗೆ ಸಿಗುವುದೇನು? ಮುಖ್ಯವಾಗಿ ಹಗ್ಗ. ಋತುವಿನ ಆರಂಭದಲ್ಲಿ ಶೆರ್ಪಾಗಳು ಮುಂದೆ ಹೋಗಿ, ಬಂಡೆಗೂ ಹಿಮಗಡ್ಡೆಗೂ ಕೊಕ್ಕೆ ಹೊಡೆದು ಹಗ್ಗ ಬಿಗಿಯುತ್ತಾರೆ. ಹಿಂದೆ ಬರುವವರು ಮೇಲಕ್ಕೆ ಮಾತ್ರ ಜಾರಿ ಕೆಳಕ್ಕೆ ಜಾರದ ‘ಜುಮಾರ್’ ಎಂಬ ಹಿಡಿಯನ್ನು ಅದಕ್ಕೆ ಸಿಕ್ಕಿಸಿ ಏರುತ್ತಾರೆ. ಆದರೆ ಹಗ್ಗದ ತುಂಡು ಮುಗಿದು ಇನ್ನೊಂದು ಆರಂಭವಾಗುವ ಪ್ರತಿಯೊಂದು ಗಂಟಿನಲ್ಲೂ ಮೊದಲು ರಕ್ಷಣೆಯ ಕೊಂಡಿಯನ್ನು ಆಚೆಗೆ ಹಾಕಿ, ಅನಂತರವೇ ಜುಮಾರ್ ಬಿಡಿಸಬೇಕು. ದಪ್ಪ ಕೈಚೀಲ ತೊಟ್ಟ, ಮರಗಟ್ಟಿದ ಬೆರಳುಗಳಿಂದ ನೂರಾರು ಬಾರಿ! ಈ ಕೆಲಸವನ್ನು ಮಾರ್ಗದರ್ಶಕ ನಮ್ಮ ಪರವಾಗಿ ಮಾಡಲಾರ. ಒಳ್ಳೆಯ ಸಂಸ್ಥೆಗಳು ಹಿಂದಿನ ಅನುಭವವನ್ನು ಕೇಳುವುದು ಇದಕ್ಕೇ. ನಮ್ಮಲ್ಲಿ ಡಾರ್ಜಿಲಿಂಗ್‌ನ ಸಂಸ್ಥೆ (1954), ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ (1965) ಕಲಿಸುವ ಮೊದಲ ಪಾಠಗಳೂ ಇಂಥವೇ.

ಈಗ ತಾಯಿತಕ್ಕೆ ಬರೋಣ. 2006ರ ನವೆಂಬರ್ ತಿಂಗಳ ಒಂದು ರಾತ್ರಿ ಅದರಿಂದ ಹಿಮದ ಭಾರಿ ತುಂಡು ಕಳಚಿ, ಕೆಳಗಿದ್ದ ಮೂರನೆಯ ಶಿಬಿರದ ಡೇರೆಗಳನ್ನು ಕೊಚ್ಚಿಕೊಂಡು ಹೋಯಿತು. ಸತ್ತವರು ಆರು ಮಂದಿ. ಯುರೋಪಿನಿಂದ ಬಂದ ಮೂವರು, ಶೆರ್ಪಾಗಳು ಮೂವರು. ಅಂದಿನಿಂದ ಬಹುತೇಕ ತಂಡಗಳು ಅಲ್ಲಿ ರಾತ್ರಿ ಉಳಿಯುವುದನ್ನು ಬಿಟ್ಟು, ಎರಡನೆಯ ಶಿಬಿರದಿಂದಲೇ ತುದಿಗೆ ಹೊರಡುತ್ತವೆ. ಆ ದಿನದ ಏರಾಟ ಅಷ್ಟು ದೀರ್ಘವಾಗಿದೆ.

1961ರ ದಾಖಲೆಯಲ್ಲಿ ತುದಿ ಮುಟ್ಟಿದ ನಾಲ್ವರಲ್ಲಿ ಶೆರ್ಪಾ ಹೆಸರು ಒಂದೂ ಇಲ್ಲ. ಇಂದು ಅದೇ ಏಣಿನ ಮೇಲೆ ತಂಡ ನಡೆಸುವ ಹಲವು ಸಂಸ್ಥೆಗಳಿಗೆ ಶೆರ್ಪಾಗಳೇ ಒಡೆಯರು. ಮೊದಲ ಹಗ್ಗ ಹೊತ್ತು ಮುಂದೆ ಹೋಗುವವರು ಮಾತ್ರ ಆಗಲೂ ಈಗಲೂ ಅದೇ ಹಳ್ಳಿಗಳ ಹುಡುಗರು.