ಬೆಳಗಾಯಿತೆಂದು ಹೇಳುವವರು

ರಮಝಾನಿನಲ್ಲಿ ಸಹರಿಗೆ ಎದ್ದು, ಸುಬ್ಹಿಯ ಅಝಾನ್ ಕೇಳಿದೊಡನೆ ಕೈಯಲ್ಲಿರುವ ಲೋಟವನ್ನು ಕೆಳಗಿಡುವುದು ನಿಮಗೆಲ್ಲ ರೂಢಿ. ಪ್ರವಾದಿವರ್ಯರ(ಸ) ಕಾಲದ ಮದೀನಾದಲ್ಲಿ ಆ ಕರೆ ಯಾರದಾಗಿತ್ತು, ಬಲ್ಲಿರಾ? ಎರಡೂ ಕಣ್ಣು ಕಾಣದ ಅಬ್ದುಲ್ಲಾ ಇಬ್ನ್ ಉಮ್ಮು ಮಕ್ತೂಮ್(ರ) ಅವರದು. ಹಝ್ರತ್ ಬಿಲಾಲ್(ರ) ಇನ್ನೂ ರಾತ್ರಿ ಇರುವಾಗಲೇ ಅಝಾನ್ ಕೊಡುತ್ತಾರೆ, ಇಬ್ನ್ ಉಮ್ಮು ಮಕ್ತೂಮ್ ಕೊಡುವವರೆಗೆ ಉಣ್ಣಬಹುದೆಂದು ಪ್ರವಾದಿವರ್ಯರು(ಸ) ಜನರಿಗೆ ತಿಳಿಸಿದ್ದು ಸಹೀಹುಲ್ ಬುಖಾರಿಯಲ್ಲಿ ದಾಖಲಾಗಿದೆ.

ಮೂಡಣದ ಬೆಳಕನ್ನು ನೋಡಿಯೇ ಕೊಡಬೇಕಾದ ಅಝಾನ್ ಅದು. ಅಂಧರೊಬ್ಬರು ಅದನ್ನು ಹೇಗೆ ಕೊಡುತ್ತಿದ್ದರು? ಉತ್ತರ ಅದೇ ಹದೀಸಿನ ಕೊನೆಯಲ್ಲಿದೆ. ಬೆಳಗಾಯಿತೆಂದು ಜನರು ಹೇಳುವವರೆಗೆ ಅವರು ಅಝಾನ್ ಕೊಡುತ್ತಿರಲಿಲ್ಲ. ಈ ಚಿಕ್ಕ ಮಾತನ್ನು ನಾವು ಓದಿ ಮುಂದೆ ಹೋಗಿಬಿಡುತ್ತೇವೆ. ಕಣ್ಣು ಕಾಣುವುದಿಲ್ಲವೆಂದು ಆ ಕೆಲಸವನ್ನು ಅವರ ಕೈಯಿಂದ ಕಿತ್ತುಕೊಳ್ಳಲಿಲ್ಲ; ಪಕ್ಕದಲ್ಲಿದ್ದವರು ಕಣ್ಣಾದರು. ಇಡೀ ಊರಿನ ಉಪವಾಸ ಅವರ ದನಿಯನ್ನು ಕಾಯುತ್ತಿತ್ತು.

ಪವಿತ್ರ ಕುರ್‌ಆನಿನ 80ನೇ ಅಧ್ಯಾಯ 'ಅಬಸ'ದ ಆರಂಭದ ಸೂಕ್ತಗಳು ಇವರ ವಿಷಯವಾಗಿಯೇ ಅವತೀರ್ಣವಾದವೆಂಬುದು ಮದ್ರಸದ ಮಕ್ಕಳಿಗೂ ಗೊತ್ತು. ಆದರೆ ಪ್ರವಾದಿವರ್ಯರು(ಸ) ಮದೀನಾ ಬಿಟ್ಟು ಹೊರಟಾಗ ಒಂದಕ್ಕಿಂತ ಹೆಚ್ಚು ಬಾರಿ ಇವರನ್ನೇ ತಮ್ಮ ಪ್ರತಿನಿಧಿಯಾಗಿ ನೇಮಿಸಿದ್ದರೆಂಬುದನ್ನು ನಮ್ಮ ಭಾಷಣಗಳಲ್ಲಿ ಕೇಳುವುದು ಅಪರೂಪ. ಅಂಧರೆಂದರೆ ಸದಕಾ ಪಡೆಯುವವರು ಎಂಬ ನಮ್ಮ ಎಣಿಕೆಗೆ ಅದು ಹೊಂದುವುದಿಲ್ಲವಲ್ಲ!

ಮುಂದೆ ಉಮಯ್ಯಾ ಖಲೀಫಾ ವಲೀದ್ ಬಿನ್ ಅಬ್ದುಲ್ ಮಲಿಕ್ (705–715) ಅಂಧರಿಗೆ ಕೈಹಿಡಿದು ನಡೆಸುವವರನ್ನೂ, ನಡೆಯಲಾಗದವರಿಗೆ ಸೇವಕರನ್ನೂ ಗೊತ್ತುಮಾಡಿದರೆಂದು ಇತಿಹಾಸಕಾರರು ಬರೆದಿದ್ದಾರೆ.

14ನೇ ಶತಮಾನದ ಆರಂಭದಲ್ಲಿ ಬಗ್ದಾದಿನಲ್ಲಿದ್ದ ಝೈನುದ್ದೀನ್ ಆಮಿದೀ ಎಂಬ ಅಂಧ ವಿದ್ವಾಂಸರ ಕತೆ ಇನ್ನೂ ಸ್ವಾರಸ್ಯಕರ. ಅವರು ಪುಸ್ತಕ ವ್ಯಾಪಾರಿಯೂ ಹೌದು. ಪುಸ್ತಕ ಕೊಂಡೊಡನೆ ಕಾಗದದ ಚೂರನ್ನು ಹೊಸೆದು, ಬೆಲೆಯನ್ನು ಸೂಚಿಸುವ ಅಕ್ಷರದ ಆಕಾರಕ್ಕೆ ಬಾಗಿಸಿ, ರಟ್ಟಿನ ಒಳಬದಿಗೆ ಅಂಟಿಸುತ್ತಿದ್ದರು. ಬೆಲೆ ಮರೆತರೆ ಬೆರಳಾಡಿಸಿ ಓದಿಕೊಳ್ಳುತ್ತಿದ್ದರು. ಅಂಧ ಗಣ್ಯರ ಬಗ್ಗೆಯೇ ಒಂದು ಚರಿತ್ರೆಕೋಶ ಬರೆದ ಸಫದೀ (ಮರಣ 1363) ಇದನ್ನು ದಾಖಲಿಸಿದ್ದಾರೆ. ಫ್ರಾನ್ಸಿನ ಲೂಯಿ ಬ್ರೈಲ್ ತನ್ನ ಚುಕ್ಕಿ ಲಿಪಿಯನ್ನು ರೂಪಿಸಿದ್ದು 1824ರಲ್ಲಿ. ಅಂದರೆ ಸುಮಾರು 500 ವರ್ಷ ತಡವಾಗಿ. ಆದರೆ ಬ್ರೈಲ್ ಲಿಪಿ ಲೋಕಕ್ಕೆಲ್ಲ ಹಬ್ಬಿತು, ಆಮಿದೀಯವರ ಉಪಾಯ ಅವರ ಅಂಗಡಿಯನ್ನು ದಾಟಿ ಹಬ್ಬಲಿಲ್ಲ. ಹೆಮ್ಮೆಪಡುವ ಮೊದಲು ಈ ಅಂತರವನ್ನೂ ನಾವು ನೋಡಬೇಕು.

ಈಗ ನಿಮ್ಮ ಊರಿನ ಮಸೀದಿ, ಮದ್ರಸ, ಶಾಲೆಗಳ ಬಾಗಿಲಿಗೆ ಬನ್ನಿ. ಮೆಟ್ಟಿಲುಗಳೆಷ್ಟು? ಹಿಡಿದುಕೊಳ್ಳಲು ಕಂಬಿ ಇದೆಯೇ? ವುಝೂ ಮಾಡುವ ಸ್ಥಳದ ನೆಲ ಜಾರುತ್ತದೆಯೇ? ಗಾಲಿಕುರ್ಚಿ ಹೋಗಲು ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು. ಮೂರು ಮೆಟ್ಟಿಲಿನ ಜಗಲಿಗೆ ಅದೇನೂ ದೊಡ್ಡ ಖರ್ಚಲ್ಲ. ಮಿನಾರ ಎತ್ತರಿಸಲು ಚಂದಾ ಎತ್ತುವ ನಮಗೆ ಇದಕ್ಕೆ ಮಾತ್ರ ಹಣವಿರುವುದಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರಷ್ಟು ಸೀಟುಗಳನ್ನು ಮೀಸಲಿಟ್ಟಿದೆ. ಮನೆಯಲ್ಲಿ ಅಂತಹ ಮಗುವಿರುವ ಹೆತ್ತವರಿಗೆ ಇದನ್ನು ತಿಳಿಸುವ ಕೆಲಸವನ್ನು ಸಂಘದ ಸದಸ್ಯರು ಮಾಡಬಹುದು.

ವಿದ್ಯಾರ್ಥಿಗಳೇ, ನಿಮಗೂ ಕೆಲಸವಿದೆ. ಅಂಧ ವಿದ್ಯಾರ್ಥಿಯೊಬ್ಬ ಹೇಳಿದ ಉತ್ತರವನ್ನು ಕೇಳಿ ಬರೆಯಲು ಪರೀಕ್ಷೆಯಲ್ಲಿ ಸ್ಕ್ರೈಬ್ ಬೇಕಾಗುತ್ತಾರೆ. ಪಾಠವನ್ನು ಓದಿ ಧ್ವನಿಮುದ್ರಿಸಿ ಕೊಡಲು ನಿಮ್ಮ ಕೈಯಲ್ಲಿರುವ ಮೊಬೈಲ್ ಸಾಕು. ನಿಮ್ಮ ಕಾಲೇಜಿನಲ್ಲಿ ಇದಕ್ಕಾಗಿ ಹೆಸರು ಕೊಟ್ಟವರು ಎಷ್ಟು ಮಂದಿ?