ಕುರಿ ಸತ್ತರೆ ಹೂಳೋಕೆ ಅವಸರ ಬೇಡ: ಕೆಂಭಾವಿ ಭಾಗದ ಪಶುಸಂಗೋಪನೆ, ತಿಳಿದಿರಬೇಕಾದ್ದು

ಕೆಂಭಾವಿ: ಸುರಪುರ ತಾಲ್ಲೂಕಿನ ಕೆಂಭಾವಿ ಅಂದ್ರೆ ಈಗ ಎಲ್ಲರ ಕಣ್ಣಿಗೆ ಬೀಳೋದು ನೆಲ್ಲು ಮತ್ತು ಹತ್ತಿ. ನಾರಾಯಣಪುರ ಎಡದಂಡೆ ಕಾಲುವೆ ನೀರು ಬಂದ ಮೇಲೆ ಜೋಳ, ಸಜ್ಜೆ ಬಿತ್ತೋ ಹೊಲ ಕಡಿಮೆಯಾದವು. ಹೊಲ ಬದಲಾದಂಗ ದನಗಳ ಮೇವೂ ಬದಲಾಯ್ತು. ಮೊದಲು ಮನಿ ಮುಂದ ಜೋಳದ ಕಣಕಿ ಬಣವಿ ಇರ್ತಿದ್ವು, ಈಗ ನೆಲ್ಲುಹುಲ್ಲಿನ ಬಣವಿ.

ನೆಲ್ಲುಹುಲ್ಲಿನಲ್ಲಿ ಹೊಟ್ಟೆ ತುಂಬುತ್ತದೆ, ಕಸುವು ಕಡಿಮೆ. ಇದಕ್ಕೆ ಪಶು ಇಲಾಖೆಯವರು ಹೇಳೋ ಹಳೇ ಉಪಾಯ ಯೂರಿಯಾ ಉಪಚಾರ. 100 ಕೆ.ಜಿ. ಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿ ಆಡದಂಗೆ ತಾಡಪಾಲು ಮುಚ್ಚಿ 21 ದಿನ ಬಿಡಬೇಕು. ತೆಗೆದ ಮೇಲೆ ವಾಸನೆ ಹೋಗೋವರೆಗೆ ಹರವಿ ನಂತರ ಹಾಕಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದು ಬೇಡ. ಯೂರಿಯಾ ನೀರನ್ನು ದನ ನೇರವಾಗಿ ಕುಡಿದರೆ ಜೀವಕ್ಕೇ ಬರುತ್ತದೆ, ಬಕೆಟ್ ಅಲ್ಲೇ ಬಿಟ್ಟು ಚಹಾಕ್ಕೆ ಹೋಗಬಾರದು.

ಈ ಸೀಮೆಯ ನಿಜವಾದ ನಗದು ಅಂದ್ರೆ ಕುರಿ. ಮನೆಯಲ್ಲಿ ಮದುವೆ, ಆಸ್ಪತ್ರೆ, ಬೀಜ-ಗೊಬ್ಬರದ ಖರ್ಚು ಬಂದಾಗ ಮೊದಲು ಸಂತೆಗೆ ಹೋಗೋದು ಅದೇ. ಕಲ್ಯಾಣ ಕರ್ನಾಟಕದಲ್ಲಿ ಎರಡು ತಳಿ ಮುಖ್ಯ. ಕೆಂಗುರಿ ಹೆಸರೇ ಹೇಳುವಂತೆ ಕೆಂಪು-ಕಂದು ಮೈಯದು, ಉಣ್ಣೆ ಇಲ್ಲ, ಮಾಂಸಕ್ಕೆ ಸಾಕುತ್ತಾರೆ. ಡೆಕ್ಕನಿ ಅಂದ್ರೆ ನಮ್ಮ ಕರಿ ಕುರಿ, ಒರಟು ಉಣ್ಣೆಯದು. ಅದರ ಉಣ್ಣೆ ನೂತು, ಹುಣಸೆ ಬೀಜದ ಗಂಜಿ ಕೊಟ್ಟು ನೇಯ್ದದ್ದೇ ಕಂಬಳಿ. ಮಿಲ್ಲಿನ ರಗ್ಗು ಅಗ್ಗಕ್ಕೆ ಸಿಗೋದರಿಂದ ಉಣ್ಣೆಗೆ ಬೆಲೆ ಬಿದ್ದಿದೆ, ಕತ್ತರಿಸಿದ ಕೂಲಿಯೂ ಹುಟ್ಟೋದಿಲ್ಲ ಅನ್ನೋ ಮಾತು ಕುರಿಗಾರರದ್ದು.

ಆದರೆ ಹಿಕ್ಕಿಗೆ ಬೆಲೆ ಬಿದ್ದಿಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಹಟ್ಟಿ ಹಾಕಿ ಕುರಿ ನಿಲ್ಲಿಸಿದರೆ ಹಿಕ್ಕಿ, ಗಂಜಲ ಎರಡೂ ಮಣ್ಣಿಗೆ ಸೇರುತ್ತವೆ. ಹೊಲದವರು ಅದಕ್ಕೆ ದುಡ್ಡೋ ಕಾಳೋ ಕೊಡುತ್ತಾರೆ. ನೀರಾವರಿ ಬಂದು ವರ್ಷಕ್ಕೆ ಎರಡು ಬೆಳೆ ತೆಗೆಯೋ ಕಡೆ ಹೊಲ ಖಾಲಿ ಬೀಳೋದೇ ಕಡಿಮೆ. ಹೀಗಾಗಿ ಕುರಿಗಾರರು ದೂರ ದೂರ ಹೋಗಬೇಕಾಗುತ್ತದೆ. ಹತ್ತಿ, ನೆಲ್ಲಿಗೆ ಔಷಧ ಹೊಡೆದ ಹೊಲದ ಬದುವಿನಲ್ಲಿ ಮೇಯ್ದು ಕುರಿ ಸಾಯೋ ಭಯ ಬೇರೆ. ಔಷಧ ಹೊಡೆದವರು ಒಂದು ಮಾತು ಹೇಳಿದರೆ ಸಾಕು, ಅಷ್ಟೂ ಹೇಳೋದಿಲ್ಲ.

ಮಳೆಗಾಲಕ್ಕೆ ಮುಂಚೆ ಕರುಳುಬೇನೆ ಲಸಿಕೆ ಹಾಕಿಸಬೇಕು. ಹೊಸ ಹಸಿರು ಹುಲ್ಲು ಹೊಟ್ಟೆ ತುಂಬ ತಿಂದ ಗಟ್ಟಿಮುಟ್ಟಾದ ಮರಿಯೇ ಬೆಳಗಾಗೋದರೊಳಗೆ ಸತ್ತು ಬೀಳೋದು ಇದೇ ರೋಗದಿಂದ. ನೀಲಿ ನಾಲಿಗೆ ರೋಗ ಮಳೆ ನಿಂತ ತೇವದಲ್ಲಿ ಸಣ್ಣ ನುಸಿಗಳಿಂದ ಹರಡುತ್ತದೆ. ಪಿಪಿಆರ್‌ಗೂ ಲಸಿಕೆ ಇದೆ. ದನ, ಎಮ್ಮೆಗಳಿಗೆ ಕಾಲುಬಾಯಿ ಲಸಿಕೆ ವರ್ಷಕ್ಕೆ ಎರಡು ಸಲ, ಉಚಿತ. ತುರ್ತಿಗೆ 1962ಕ್ಕೆ ಕರೆ ಮಾಡಿದರೆ ಪಶು ಸಂಜೀವಿನಿ ವಾಹನದ ಸೇವೆ ಇದೆ.

ಇನ್ನು ಸತ್ತರೆ? ಬಹಳ ಮಂದಿ ಕಳೆದುಕೊಳ್ಳೋದು ಇಲ್ಲೇ. ಆಕಸ್ಮಿಕವಾಗಿ ಸತ್ತ ಜಾನುವಾರಿಗೆ ಸರ್ಕಾರದ ‘ಅನುಗ್ರಹ’ ಯೋಜನೆಯಲ್ಲಿ ಪರಿಹಾರ ಇದೆ. 2025-26ರ ರಾಜ್ಯ ಬಜೆಟ್‌ನಲ್ಲಿ ಕುರಿ, ಮೇಕೆಗೆ 5,000 ಇದ್ದದ್ದನ್ನು 7,500 ರೂಪಾಯಿಗೆ, ಮರಿಗಳಿಗೆ 3,500ರಿಂದ 5,000ಕ್ಕೆ, ಹಸು, ಎಮ್ಮೆ, ಎತ್ತಿಗೆ 10,000ದಿಂದ 15,000ಕ್ಕೆ ಏರಿಸಲಾಯ್ತು. ಆದರೆ ಪಶುವೈದ್ಯರು ಮರಣೋತ್ತರ ಪರೀಕ್ಷೆ ಮಾಡಿ ಬರೆದುಕೊಡಬೇಕು. ವಾಸನೆ ಬರ್ತದ ಅಂತ ಅವಸರದಲ್ಲಿ ಹೂಳಿದರೆ, ಅಥವಾ ಅರ್ಧ ಬೆಲೆಗೆ ಯಾರಿಗೋ ಕೊಟ್ಟರೆ ಕಾಗದ ಹುಟ್ಟೋದಿಲ್ಲ. ಮೊದಲು ಫೋನು, ಆಮೇಲೆ ಗುಂಡಿ.

ಹಾಲಿನ ಲೆಕ್ಕ ಸರಳ. ಡೇರಿಗೆ ಹಾಕಿದರೆ ಕೊಬ್ಬು ಮತ್ತು ಘನಾಂಶ ನೋಡಿ ದರ, ಅದರ ಮೇಲೆ ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ. ಎಮ್ಮೆ ಹಾಲು ಗಟ್ಟಿ ಇರೋದರಿಂದ ಚಹಾದಂಗಡಿ, ಖೋವಾ ಮಾಡೋರು ಮನೆಗೇ ಬಂದು ಒಯ್ಯುತ್ತಾರೆ. ಅಲ್ಲಿ ದರ ಹೆಚ್ಚು, ಪ್ರೋತ್ಸಾಹಧನ ಇಲ್ಲ, ಉದ್ರಿ ಮಾತ್ರ ಇದೆ.

ಕೃಷಿ ಪ್ರವಾಸೋದ್ಯಮ ಅನ್ನೋ ಮಾತು ಈಚೆಗೆ ಇಲ್ಲೂ ಕೇಳ್ತಿದೆ. ಪಕ್ಕದ ಮಹಾರಾಷ್ಟ್ರ 2020ರಲ್ಲೇ ಇದಕ್ಕೆ ಪ್ರತ್ಯೇಕ ನೀತಿ ತಂದಿತು. ಅಲ್ಲಿ ಪೇಟೆಯವರು ಹೊಲಕ್ಕೆ ಬಂದು, ರೊಟ್ಟಿ ಉಂಡು, ಹಾಲು ಕರೆಯೋದು ನೋಡಿ, ದುಡ್ಡು ಕೊಟ್ಟು ಹೋಗ್ತಾರೆ. ನಮ್ಮ ಕಡೆಗೂ ಜನ ಬರೋದಿಲ್ಲ ಅಂತಲ್ಲ. ಬೋನಾಳ ಪಕ್ಷಿಧಾಮ, ನಾರಾಯಣಪುರ ಜಲಾಶಯ, ಛಾಯಾ ಭಗವತಿ, ಸುರಪುರದ ಟೇಲರ್ ಮಂಜಿಲ್ ನೋಡಲು ಬರ್ತಾರೆ. ನೋಡಿ ಹಾಗೇ ವಾಪಸ್ ಹೋಗ್ತಾರೆ, ಊಟಕ್ಕೂ ನಿಲ್ಲೋದಿಲ್ಲ. ಸಂಕ್ರಾಂತಿಗೆ ಮೈಲಾಪುರ ಮಲ್ಲಯ್ಯನ ಜಾತ್ರೆಗೆ ಲಕ್ಷಗಟ್ಟಲೆ ಮಂದಿ ಸೇರ್ತಾರೆ. ಅಲ್ಲಿ ಪಲ್ಲಕ್ಕಿ ಮೇಲೆ ಕುರಿಮರಿ ಎಸೆಯೋದನ್ನು ಜಿಲ್ಲಾಡಳಿತ ನಿಷೇಧಿಸಿದೆ, ದಾರಿಯಲ್ಲೇ ಮರಿಗಳನ್ನು ವಶಕ್ಕೆ ತಗೋತಾರೆ.

ಶುರು ಮಾಡೋರಿಗೆ ರೆಸಾರ್ಟ್ ಬೇಕಿಲ್ಲ. ನೆರಳಿನ ತೋಟ, ಸ್ವಚ್ಛ ಶೌಚಾಲಯ, ಸಜ್ಜೆ ರೊಟ್ಟಿ, ಗಟ್ಟಿ ಮೊಸರು, ಕಟ್ಟಿಹಾಕಿದ ನಾಯಿ ಇದ್ದರೆ ನಡೀತದೆ. ಊಟ ಮಾರೋದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಮಕ್ಕಳಿಗೆ ಹಸಿ ಹಾಲು ಕುಡಿಸೋ ಪ್ರದರ್ಶನ ಬೇಡ, ಕಂದು ರೋಗ ಹಾಲಿನಿಂದಲೂ ಮನುಷ್ಯರಿಗೆ ಬರುತ್ತದೆ. ಆ ರೋಗಕ್ಕೆ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಮಾತ್ರ ಒಮ್ಮೆ ಲಸಿಕೆ ಹಾಕುತ್ತಾರೆ. ಕರು ಆ ವಯಸ್ಸು ದಾಟೋದರೊಳಗೆ ಹತ್ತಿರದ ಪಶು ಆಸ್ಪತ್ರೆಗೆ ಹೊಡಕೊಂಡು ಹೋಗಬೇಕು.